ಚಿಪ್‌ನಲ್ಲಿ ಇರುವುದು, ಪರದೆಯಲ್ಲಿ ಕಂಡದ್ದು



ಹಳೆಯ ಆರ್ಕೇಡ್ ಆಟಗಳ ಒಳಗಿನ ಮಾಡೆಲ್ ಮತ್ತು ಟೆಕ್ಸ್ಚರ್‌ಗಳನ್ನು ಹೊರತೆಗೆಯುವ ವಿದ್ಯೆ ಒಂದು ವಿಚಾರ ಸಂಕಿರಣದ ವಿಷಯವಾಗಿದೆ ಎನ್ನುವುದೇ ನನಗೆ ಸಂತೋಷದ ಸಂಗತಿ. ಇಷ್ಟು ಕಾಲ ಈ ಕೆಲಸವನ್ನು ಹೊತ್ತವರು ಬಹುಪಾಲು ಹವ್ಯಾಸಿಗಳು. ರಾತ್ರಿ ನಿದ್ದೆಗೆಟ್ಟು, ಕೈಯಿಂದ ಹಣ ಹಾಕಿ, ಹಳೆಯ ಬೋರ್ಡು ಕೊಂಡು, ಚಿಪ್ ಬಿಡಿಸಿ ಓದಿದವರು ಅವರು. ಆ ಋಣವನ್ನು ಮೊದಲು ನೆನೆಯುತ್ತೇನೆ. ಇಂದು ನಿಮ್ಮ ಮುಂದಿಡಬೇಕೆಂದಿರುವುದು ಒಂದೇ ಮಾತು. ಕನ್ನಡ ವಿದ್ವಾಂಸ ಡಿ.ಎಲ್. ನರಸಿಂಹಾಚಾರ್ ಅವರಂಥವರು ಓಲೆಗರಿಗಳ ವಿಷಯದಲ್ಲಿ ನಮಗೆ ಕಲಿಸಿಕೊಟ್ಟ ಗ್ರಂಥಸಂಪಾದನೆಯ, ಎಂದರೆ ಪ್ರತಿಗಳನ್ನು ಹೋಲಿಸಿ ಪಾಠ ನಿರ್ಣಯಿಸುವ, ಶಿಸ್ತು ಇಲ್ಲಿಗೂ ಬೇಕು. ಚಿಪ್‌ನಿಂದ ಮಾಡೆಲ್ ತೆಗೆಯುವವನು ನಕಲುಗಾರನಲ್ಲ, ಸಂಪಾದಕ. ಯಾಕೆ ಹೀಗೆ ಹೇಳುತ್ತೇನೆ ಎಂಬುದಕ್ಕೆ ಯಂತ್ರಗಳ ಹತ್ತಿರಕ್ಕೇ ಹೋಗೋಣ.

ಪ್ಯಾಕ್‌ಮ್ಯಾನ್ 1980ರಲ್ಲಿ ಜಪಾನಿನ ನಾಮ್ಕೋ ತಂದ ಆಟ. ಅದರ ಬೋರ್ಡಿನಲ್ಲಿ ಚಿತ್ರಗಳಿಗೆಂದು ಇದ್ದ ಚಿಪ್‌ಗಳು ಎರಡೇ, ಒಂದೊಂದರಲ್ಲಿ 4 ಕಿಲೋಬೈಟ್. ಒಂದರಲ್ಲಿ 8×8 ಪಿಕ್ಸೆಲ್‌ನ 256 ಟೈಲ್‌ಗಳು: ಗೋಡೆ, ಚುಕ್ಕೆ, ಅಕ್ಷರ, ಅಂಕಿ. ಇನ್ನೊಂದರಲ್ಲಿ 16×16ರ 64 ಸ್ಪ್ರೈಟ್‌ಗಳು, ಎಂದರೆ ಪರದೆಯ ಮೇಲೆ ಚಲಿಸುವ ಚಿತ್ರಗಳು. ಒಂದು ಪಿಕ್ಸೆಲ್ಲಿಗೆ ಎರಡೇ ಬಿಟ್. ಎರಡು ಬಿಟ್‌ನಲ್ಲಿ ಸೊನ್ನೆಯಿಂದ ಮೂರರವರೆಗಿನ ಒಂದು ಅಂಕಿ ಹಿಡಿಸುತ್ತದೆ, ಬಣ್ಣ ಹಿಡಿಸುವುದಿಲ್ಲ. ಹಾಗಾಗಿ ಕೆಂಪು, ಗುಲಾಬಿ, ತಿಳಿನೀಲಿ, ಕಿತ್ತಳೆ ಬಣ್ಣದ ನಾಲ್ಕೂ ದೆವ್ವಗಳಿಗೆ ಚಿಪ್‌ನಲ್ಲಿರುವುದು ಒಂದೇ ಆಕಾರ. ಯಾವ ಅಂಕಿಗೆ ಯಾವ ಬಣ್ಣ ಎಂದು ಹೇಳುವ ಪಟ್ಟಿ ಬೇರೊಂದು ಪುಟ್ಟ ಚಿಪ್‌ನಲ್ಲಿದೆ. ಬಣ್ಣಗಳು ಇರುವುದು ಮತ್ತೊಂದರಲ್ಲಿ, ಅದರ ಗಾತ್ರ ಬರೀ 32 ಬೈಟ್. ಅಲ್ಲಿಗೂ ಮುಗಿಯಲಿಲ್ಲ. ಒಂದೊಂದು ಬೈಟ್‌ನೊಳಗೆ ಕೆಂಪಿಗೆ ಮೂರು ಬಿಟ್, ಹಸಿರಿಗೆ ಮೂರು, ನೀಲಿಗೆ ಎರಡು. ಕೆಂಪು ಮತ್ತು ಹಸಿರಿನ ಬಿಟ್‌ಗಳು 1000, 470, 220 ಓಮ್‌ಗಳ ರೆಸಿಸ್ಟರ್ ದಾಟಿ, ನೀಲಿಯವು 470 ಮತ್ತು 220 ದಾಟಿ, ವೋಲ್ಟೇಜ್ ಆಗಿ ಮಾನಿಟರಿಗೆ ಹೋಗುತ್ತವೆ. ನಾವು ಕಂಡ ಪ್ಯಾಕ್‌ಮ್ಯಾನ್‌ನ ಆ ಹಳದಿ ಎಷ್ಟು ಹಳದಿ ಎಂಬುದನ್ನು ನಿರ್ಧರಿಸಿದ್ದು ಈ ರೆಸಿಸ್ಟರ್‌ಗಳ ಅನುಪಾತ. ಇನ್ನೂ ಒಂದು ಸಂಗತಿ: ಮಾನಿಟರ್ ಅನ್ನು ಪೆಟ್ಟಿಗೆಯಲ್ಲಿ ನಿಲ್ಲಿಸಿ ಕೂರಿಸಿದ್ದರು, ಆದ್ದರಿಂದ ಚಿಪ್‌ನಲ್ಲಿ ಚಿತ್ರಗಳೆಲ್ಲ ಅಡ್ಡಡ್ಡ ಮಲಗಿವೆ.

ಹೀಗಿರುವಾಗ ‘ಪ್ಯಾಕ್‌ಮ್ಯಾನ್ ದೆವ್ವದ ಮೂಲ ಚಿತ್ರ’ ಎಂದು ಒಬ್ಬರು ಒಂದು ಕೆಂಪು ಕಡತವನ್ನು ಕೊಟ್ಟರೆ, ಅದರೊಳಗೆ ಎಷ್ಟೊಂದು ನಿರ್ಧಾರಗಳು ಸದ್ದಿಲ್ಲದೆ ಸೇರಿಕೊಂಡಿವೆ ನೋಡಿ. ತಿರುಗಿಸಿದ್ದು ಅವರು. ನಾಲ್ಕು ಬಣ್ಣಪಟ್ಟಿಗಳಲ್ಲಿ, ಎಂದರೆ ಪ್ಯಾಲೆಟ್‌ಗಳಲ್ಲಿ, ಒಂದನ್ನು ಆರಿಸಿದ್ದು ಅವರು. ರೆಸಿಸ್ಟರ್‌ಗಳ ಲೆಕ್ಕ ಮಾಡಿದ್ದೂ ಅವರೇ, ಅಥವಾ ಲೆಕ್ಕ ಬಿಟ್ಟು ಕಣ್ಣಳತೆಯಲ್ಲಿ ಬಣ್ಣ ಹಾಕಿದ್ದೂ ಅವರೇ. ಇಷ್ಟೂ ನಿರ್ಧಾರಗಳು ಬರಹದಲ್ಲಿ ದಾಖಲಾಗಬೇಕು ಎನ್ನುವುದು ನನ್ನ ಒತ್ತಾಯ.

ಮೂರು ಆಯಾಮದ ಆಟಗಳಿಗೆ ಬಂದರೆ ಕಷ್ಟವೂ ಸೊಗಸೂ ಹೆಚ್ಚುತ್ತವೆ. 1993ರ ರಿಡ್ಜ್ ರೇಸರ್ ಓಡಿದ್ದು ನಾಮ್ಕೋದ ಸಿಸ್ಟಮ್ 22 ಬೋರ್ಡಿನ ಮೇಲೆ. ಕಾರು, ಸುರಂಗ, ಸೇತುವೆಗಳ ಮೂಲೆಬಿಂದುಗಳನ್ನು ಇಟ್ಟಿರುವ ಚಿಪ್‌ಗಳಿಗೆ ಪಾಯಿಂಟ್ ರೋಮ್ ಎನ್ನುತ್ತಾರೆ. ಒಂದೊಂದು ಸಂಖ್ಯೆಯೂ 24 ಬಿಟ್‌ನದು. ಆದರೆ ಆ 24 ಬಿಟ್‌ಗಳು ಒಂದೇ ಕಡೆ ಇಲ್ಲ. ಕೆಳಗಿನ ಎಂಟು ಒಂದು ಚಿಪ್‌ನಲ್ಲಿ, ನಡುವಿನ ಎಂಟು ಇನ್ನೊಂದರಲ್ಲಿ, ಮೇಲಿನ ಎಂಟು ಮತ್ತೊಂದರಲ್ಲಿ. ಒಂದು ಚಿಪ್ಪನ್ನು ಮಾತ್ರ ತೆರೆದು ನೋಡಿದರೆ ತಲೆಬುಡ ತಿಳಿಯದು. ಮೂರನ್ನೂ ಸಾಲಾಗಿಟ್ಟು ಬೈಟಿಗೆ ಬೈಟು ಜೋಡಿಸಿದಾಗಲೇ ಸಂಖ್ಯೆ ಬಾಯಿಬಿಡುತ್ತದೆ. ಅದರಲ್ಲೂ ಮೇಲಿನ ಬಿಟ್ ಋಣ ಚಿಹ್ನೆಯದು. ಅದನ್ನು ಗಮನಿಸದೆ ಓದಿದರೆ ಮೈನಸ್ 1 ಎಂಬುದು 16777215 ಆಗಿಬಿಡುತ್ತದೆ, ಕಾರಿನ ಎಡಬದಿ ಕಣ್ಣಿಗೆ ಕಾಣದಷ್ಟು ದೂರಕ್ಕೆ ಚಿಮ್ಮುತ್ತದೆ. ಮಧ್ಯಾಹ್ನದ ಕಾರ್ಯಾಗಾರದಲ್ಲಿ ಮುಳ್ಳುಮುಳ್ಳಾದ ಮಾಡೆಲ್ ಪರದೆಗೆ ಬಂದಾಗ ಎದೆಗುಂದಬೇಡಿ, ಮೊದಲು ಚಿಹ್ನೆಯ ಬಿಟ್ ನೋಡಿ, ಆಮೇಲೆ ಚಿಪ್‌ಗಳ ಕ್ರಮ ನೋಡಿ.

ಅದೇ ಬೋರ್ಡಿನ ಟೆಕ್ಸ್ಚರ್‌ಗಳೂ ಇಡಿಯಾದ ಚಿತ್ರಗಳಲ್ಲ. 16×16ರ ತುಣುಕುಗಳು ಒಂದು ಕಡೆ, ಅವುಗಳನ್ನು ಜೋಡಿಸುವ ನಕ್ಷೆ ಇನ್ನೊಂದು ಕಡೆ. ಸೆಗಾದ ಮಾಡೆಲ್ 2 ಬೋರ್ಡಿನಲ್ಲಿ, ಎಂದರೆ ಡೇಟೋನಾ ಯುಎಸ್‌ಎ ಓಡಿದ ಬೋರ್ಡಿನಲ್ಲಿ, ಟೆಕ್ಸ್ಚರ್ ಎನ್ನುವುದು ಪಿಕ್ಸೆಲ್ಲಿಗೆ ನಾಲ್ಕು ಬಿಟ್‌ನ ಬರೀ ಬೆಳಕು-ನೆರಳು, ಹದಿನಾರು ಛಾಯೆಗಳ ಬೂದು. ಬಣ್ಣವನ್ನು ಕೊಡುವುದು ಆ ಟೆಕ್ಸ್ಚರ್ ಹೊದ್ದ ಪಾಲಿಗನ್. ಒಂದೇ ಬೂದು ಚಿತ್ರ ಒಂದೆಡೆ ಹಸಿರಾಗಿ, ಇನ್ನೊಂದೆಡೆ ಕಂದಾಗಿ ದುಡಿಯಬಹುದು. ಮೆಮೊರಿಯ ಜಾಗಕ್ಕೆ ಅಷ್ಟೊಂದು ಬೆಲೆ ಇದ್ದ ಕಾಲದಲ್ಲಿ ಎಂಜಿನಿಯರರೂ ಕಲಾವಿದರೂ ಕೂಡಿ ಕಂಡುಕೊಂಡ ಈ ಜಾಣ್ಮೆ ನನ್ನಲ್ಲಿ ನಿಜವಾದ ಗೌರವ ಹುಟ್ಟಿಸುತ್ತದೆ. ಬಣ್ಣ ಹಚ್ಚಿದ ಕಡತವನ್ನಷ್ಟೇ ಉಳಿಸಿ ಬೂದು ಮೂಲವನ್ನು ಬಿಟ್ಟುಕೊಟ್ಟರೆ, ಆ ಜಾಣ್ಮೆಯ ಸಾಕ್ಷ್ಯವನ್ನೇ ಅಳಿಸಿದಂತೆ.

ಈ ಬೋರ್ಡುಗಳು ನಾಲ್ಕು ಮೂಲೆಯ ಪಾಲಿಗನ್‌ಗಳನ್ನು ನೇರವಾಗಿ ಬಿಡಿಸುತ್ತಿದ್ದವು. ಇಂದಿನ ಗ್ರಾಫಿಕ್ಸ್ ಕಾರ್ಡ್‌ಗಳಿಗೆ ತ್ರಿಕೋನಗಳೇ ಬೇಕು. ಚತುರ್ಭುಜವನ್ನು ಯಾವ ಕರ್ಣದಲ್ಲಿ ಸೀಳಿದಿರಿ ಎಂಬುದರ ಮೇಲೆ ಟೆಕ್ಸ್ಚರ್ ಎಳೆದುಕೊಳ್ಳುವ ರೀತಿ ಬದಲಾಗುತ್ತದೆ. ಇದೂ ಸಂಪಾದಕನ ತೀರ್ಮಾನವೇ.

ಚಿಪ್ ಓದುವ ಗೊಡವೆ ಬೇಡವೆಂದು ಅಡ್ಡದಾರಿ ಹಿಡಿಯುವವರಿದ್ದಾರೆ. ಹಳೆಯ ಬೋರ್ಡನ್ನು ಅನುಕರಿಸುವ ತಂತ್ರಾಂಶದಲ್ಲಿ, ಎಂದರೆ ಎಮ್ಯುಲೇಟರ್‌ನಲ್ಲಿ, ಆಟ ಓಡಿಸಿ, ಗ್ರಾಫಿಕ್ಸ್ ಕಾರ್ಡಿಗೆ ಹೋಗುವ ಒಂದು ಫ್ರೇಮನ್ನು ನಡುದಾರಿಯಲ್ಲಿ ಹಿಡಿಯುವುದು. ಬೇಗ ಫಲ ಸಿಗುತ್ತದೆ, ನಿಜ. ಆದರೆ ಸಿಗುವುದು ಆ ಕ್ಷಣಕ್ಕೆ ಕ್ಯಾಮೆರಾ ಕಂಡಷ್ಟೇ. ಬೆನ್ನ ಹಿಂದಿನದನ್ನು ಆಟ ಮೊದಲೇ ಕೈಬಿಟ್ಟಿರುತ್ತದೆ, ದೂರದ ವಸ್ತುವಿಗೆ ಒರಟು ಮಾಡೆಲ್ ಬಂದು ಕೂತಿರುತ್ತದೆ. ಆದರೂ ಈ ದಾರಿಯನ್ನು ನಾನು ತಳ್ಳಿಹಾಕುವುದಿಲ್ಲ. 1993ರ ವರ್ಚುವಾ ಫೈಟರ್‌ನಲ್ಲಿ ದೇಹವೆಂದರೆ ಬಿಡಿಬಿಡಿ ಅವಯವಗಳು. ಮುಂಗೈ ಎಲ್ಲಿ, ಮೊಣಕೈ ಎಷ್ಟು ಬಾಗಿದೆ ಎಂದು ಫ್ರೇಮಿನಿಂದ ಫ್ರೇಮಿಗೆ ಹೇಳುವುದು ಪ್ರೋಗ್ರಾಂ. ರೋಮ್‌ನಿಂದ ಅವಯವ ತೆಗೆದು, ನಿಲುವಿಗೆ ಫ್ರೇಮನ್ನು ಸಾಕ್ಷಿಯಾಗಿಟ್ಟುಕೊಂಡರೆ ಎರಡೂ ಒಂದನ್ನೊಂದು ತಿದ್ದುತ್ತವೆ. ಬಲ್ಲ ಸಂಪಾದಕರು ಎರಡು ಪ್ರತಿಗಳನ್ನು ಇಟ್ಟುಕೊಂಡು ಮಾಡುವುದೂ ಇದನ್ನೇ.

ಪ್ರೋಗ್ರಾಂ ಇಲ್ಲದೆ ಚಿತ್ರ ಎಷ್ಟು ಅನಾಥ ಎಂಬುದನ್ನು ಕ್ಯಾಪ್‌ಕಾಮ್‌ನ ಸಿಪಿಎಸ್-2 ಬೋರ್ಡು ತೋರಿಸಿಕೊಟ್ಟಿತು. 1993ರಲ್ಲಿ ಬಂದ ಆ ಬೋರ್ಡಿನಲ್ಲಿ ಪ್ರೋಗ್ರಾಂ ಗೂಢಲಿಪಿಯಲ್ಲಿತ್ತು. ಅದನ್ನು ಬಿಡಿಸುವ ಕೀಲಿ ಬ್ಯಾಟರಿಯ ಆಸರೆಯಿಂದ ಮೆಮೊರಿಯಲ್ಲಿ ಉಳಿದಿತ್ತು. ಬ್ಯಾಟರಿ ಸತ್ತರೆ ಆಟವೂ ಸತ್ತಂತೆ. ಚಿತ್ರಗಳ ಚಿಪ್‌ಗಳಿಗೆ ಆ ಗೂಢಲಿಪಿ ಇರಲಿಲ್ಲ, ಓದಬಹುದಿತ್ತು. ಆದರೆ ಯಾವ ತುಣುಕು ಯಾರ ಭುಜ, ಯಾವುದು ಯಾರ ಪಾದ ಎಂದು ಹೇಳಬೇಕಾದದ್ದು ಬೀಗದ ಆಚೆ ಇತ್ತು. 2001ರಲ್ಲಿ ಹವ್ಯಾಸಿಗಳ ತಂಡವೊಂದು ಬೋರ್ಡಿನ ಕೈಯಿಂದಲೇ ಬಿಡಿಸಿದ ಪಾಠವನ್ನು ಹೊರತಂದಿತು. 2007ರಲ್ಲಿ ಆಂಡ್ರಿಯಾಸ್ ನೈವ್ ಮತ್ತು ನಿಕೋಲಾ ಸಾಲ್ಮೋರಿಯಾ ಗೂಢಲಿಪಿಯ ಸೂತ್ರವನ್ನೇ ಬಿಡಿಸಿದರು. ಈ ಸಾಲ್ಮೋರಿಯಾ ಅವರೇ 1997ರಲ್ಲಿ ಮೇಮ್ ಎಂಬ ಎಮ್ಯುಲೇಟರ್ ಆರಂಭಿಸಿದವರು. ಮೇಮ್ ನಮಗೆ ಒಂದು ದೊಡ್ಡ ಶಿಸ್ತನ್ನು ಆಗಲೇ ಕೊಟ್ಟಿದೆ: ಪ್ರತಿ ಚಿಪ್ಪಿಗೂ ಚೆಕ್‌ಸಮ್, ಎಂದರೆ ಅದರ ಬೈಟ್‌ಗಳಿಂದ ಲೆಕ್ಕ ಹಾಕಿದ ಗುರುತುಸಂಖ್ಯೆ, ಬರೆದಿಡುವುದು, ಒಂದೇ ಆಟದ ಜಪಾನ್ ಪ್ರತಿ, ಅಮೆರಿಕ ಪ್ರತಿ, ತಿದ್ದಿದ ಪ್ರತಿಗಳನ್ನು ಬೇರೆಬೇರೆಯಾಗಿ ಕಾಪಾಡುವುದು. ನಮ್ಮ ವಿದ್ವಾಂಸರು ಪಾಠಾಂತರ ಎನ್ನುವುದು ಪ್ರತಿಗಳ ನಡುವಿನ ಇಂಥ ಭೇದಗಳನ್ನೇ. ಚಿಪ್‌ಗೆ ಇರುವ ಈ ಲೆಕ್ಕ, ಅದರಿಂದ ಹೊರಬಂದ ಮಾಡೆಲ್‌ಗೆ ಇನ್ನೂ ಇಲ್ಲ. ಮಾಡೆಲ್‌ಗಳು ಹೆಸರೊಂದನ್ನು ಹೊತ್ತು ಊರೂರು ಅಲೆಯುತ್ತಿವೆ.

ಈಚೆಗೆ ಇನ್ನೊಂದು ಪರಿಪಾಠ ಬೆಳೆದಿದೆ. ಹಳೆಯ ಟೆಕ್ಸ್ಚರ್‌ಗಳನ್ನು ಕೃತಕ ಬುದ್ಧಿಮತ್ತೆಯಿಂದ ನಾಲ್ಕು ಪಟ್ಟು ಹಿಗ್ಗಿಸಿ, ನುಣುಪು ಮಾಡಿ, ‘ಪುನರುಜ್ಜೀವನ’ ಎಂದು ಹಂಚುವುದು. ಸಂತೋಷಕ್ಕೆ ಮಾಡುವವರು ಮಾಡಲಿ. ಆದರೆ ಅದು ಪ್ರಕ್ಷೇಪ, ಮೂಲದಲ್ಲಿ ಇಲ್ಲದ್ದನ್ನು ಆಮೇಲೆ ಸೇರಿಸಿದ್ದು. 16 ಛಾಯೆಗಳಲ್ಲಿ ಒಬ್ಬ ಕಲಾವಿದ ಬಿಟ್ಟ ಅಂಚಿಗೆ ಯಂತ್ರ ಊಹಿಸಿದ ಇಟ್ಟಿಗೆ, ಹುಲ್ಲು ತುಂಬುವುದನ್ನು ಮೂಲದ ಹೆಸರಿನಲ್ಲಿ ಯಾವ ಸಂಗ್ರಹಾಲಯವೂ ಸ್ವೀಕರಿಸಬಾರದು.

ಕಾನೂನಿನ ಮಾತನ್ನು ಚುಟುಕಾಗಿ ಹೇಳುತ್ತೇನೆ, ನಾಳೆ ಅದಕ್ಕೇ ಗೋಷ್ಠಿ ಇದೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಗಳ ಸಾಲಿಗೆ ಸೇರುತ್ತದೆ. ಆಟ ಹಳೆಯದಾಯಿತೆಂದ ಮಾತ್ರಕ್ಕೆ ಅದರ ಒಡೆತನ ಕರಗುವುದಿಲ್ಲ. ಇನ್ನೊಂದು ಕಡೆ, ಅಮೆರಿಕದಲ್ಲಿ ಬಿಡುಗಡೆಯಾದ ಹಳೆಯ ಆಟಗಳಲ್ಲಿ ಶೇಕಡಾ 87ರಷ್ಟು ಇಂದು ಮಾರಾಟಕ್ಕೇ ಸಿಗುವುದಿಲ್ಲ ಎಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ತೋರಿಸಿತು. ಅಧ್ಯಯನಕ್ಕೆ ತೆಗೆಯುವುದು ಬೇರೆ, ತೆಗೆದದ್ದನ್ನು ಮಾರುವುದು ಬೇರೆ. ಈ ಗೆರೆಯನ್ನು ನಾವೇ ಸ್ಪಷ್ಟವಾಗಿ ಎಳೆದುಕೊಳ್ಳಬೇಕು.

ನಮ್ಮ ನಾಡಿಗೂ ಇದರಲ್ಲಿ ಪಾಲಿದೆ. ಮೇಮ್ ಹುಟ್ಟಿದ ವರ್ಷವೇ ಬೆಂಗಳೂರಿನಲ್ಲಿ ಧ್ರುವ ಇಂಟರ್‌ಆ್ಯಕ್ಟಿವ್ ಎಂಬ ಆಟಗಳ ಸ್ಟುಡಿಯೋ ಶುರುವಾಯಿತು. ಅಂದಿನಿಂದ ಹೊರದೇಶದ ಆಟಗಳಿಗೆ ಬೇಕಾದ ಮಾಡೆಲ್, ಟೆಕ್ಸ್ಚರ್‌ಗಳು ಈ ಊರಿನ ಕೈಗಳಲ್ಲಿ ರೂಪುಗೊಳ್ಳುತ್ತಿವೆ. ಮುಂದೆ ಯಾರೋ ಆ ಆಟಗಳನ್ನು ಬಗೆದು ನೋಡುವಾಗ, ಕೆಲಸ ಮಾಡಿದ ಕಲಾವಿದರು ಇಲ್ಲೇ ನಮ್ಮ ನಡುವೆ ಇರುತ್ತಾರೆ. ಅವರ ನೆನಪುಗಳನ್ನು ಈಗಲೇ ಬರೆದಿಡಲು ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ.

ಹಾಗಾಗಿ ನಾಳೆ ಸಂಜೆಯೊಳಗೆ ಈ ಸಭೆ ಒಂದು ದಾಖಲೆ ನಮೂನೆಯನ್ನು ಒಪ್ಪಬೇಕೆಂದು ಕೋರುತ್ತೇನೆ. ಹೊರತೆಗೆದ ಪ್ರತಿ ಮಾಡೆಲ್‌ನ ಜೊತೆಗೆ ಇವು ಇರಲಿ: ಯಾವ ಬೋರ್ಡು, ಯಾವ ಪ್ರತಿ, ಚಿಪ್‌ಗಳ ಚೆಕ್‌ಸಮ್, ಯಾವ ವಿಳಾಸದಿಂದ ಎಲ್ಲಿಯವರೆಗೆ ಓದಿದ್ದು, ಪ್ಯಾಲೆಟ್ ಎಲ್ಲಿಂದ ಬಂತು, ಚತುರ್ಭುಜಗಳನ್ನು ಹೇಗೆ ಸೀಳಿದ್ದು, ಸಂಪಾದಕರು ಊಹಿಸಿ ಸೇರಿಸಿದ್ದು ಯಾವುದು. ಮಧ್ಯಾಹ್ನದ ಕಾರ್ಯಾಗಾರದಲ್ಲಿ ಕೂರುವ ವಿದ್ಯಾರ್ಥಿಗಳು ನಮೂನೆಯ ಮೊದಲ ಕರಡನ್ನು ತುಂಬಿ ನೋಡಿ, ಎಲ್ಲಿ ತೊಡಕಾಯಿತೆಂದು ಬರೆದುಕೊಡಿ. ತಿದ್ದುಪಡಿ ಅಲ್ಲಿಂದಲೇ ಆರಂಭವಾಗಲಿ.