ಗುಂಡು ತೆಗೆಯುವ ಡಾಕ್ಟರು: ಮಿಲ್ಬರ್ನ್ ಸ್ಟೋನ್ ಅವರ ಇಪ್ಪತ್ತು ವರ್ಷ



ನಾಯಕನಟರ ಬಗ್ಗೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ಇವತ್ತು ನಾನು ಆರಿಸಿಕೊಂಡಿರುವುದು ಒಬ್ಬ ಪೋಷಕ ನಟನನ್ನು. ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1955ರಿಂದ 1975ರವರೆಗೆ ಪ್ರಸಾರವಾದ ‘ಗನ್‌ಸ್ಮೋಕ್’ ಎಂಬ ಕೌಬಾಯ್ ಧಾರಾವಾಹಿಯಲ್ಲಿ ಡಾಕ್ಟರ್ ಆಡಮ್ಸ್ ಪಾತ್ರ ಮಾಡಿದ ಮಿಲ್ಬರ್ನ್ ಸ್ಟೋನ್ ಅವರು.

ಸ್ಟೋನ್ ಹುಟ್ಟಿದ್ದು 1904ರಲ್ಲಿ, ಕ್ಯಾನ್ಸಸ್ ರಾಜ್ಯದ ಬರ್ಟನ್ ಎಂಬ ಸಣ್ಣ ಊರಿನಲ್ಲಿ. ಧಾರಾವಾಹಿಯ ಕತೆ ನಡೆಯುವ ಡಾಜ್ ಸಿಟಿಯೂ ಅದೇ ರಾಜ್ಯದ್ದು. ಊರೂರು ತಿರುಗುವ ನಾಟಕ ಕಂಪನಿಗಳಲ್ಲಿ ಪಳಗಿ, ಮೂವತ್ತರ ದಶಕದಲ್ಲಿ ಹಾಲಿವುಡ್ ಸೇರಿದರು. ಸಿಕ್ಕಿದ್ದೆಲ್ಲ ಚಿಕ್ಕಪುಟ್ಟ ಪಾತ್ರಗಳೇ. ಜಾನ್ ಫೋರ್ಡ್ ಅವರ ‘ಯಂಗ್ ಮಿಸ್ಟರ್ ಲಿಂಕನ್’ (1939) ಚಿತ್ರದಲ್ಲಿ ಲಿಂಕನ್ನರ ಎದುರಾಳಿ ಸ್ಟೀಫನ್ ಡಗ್ಲಾಸ್ ಆಗಿ ಕಾಣಿಸಿಕೊಂಡರು. ಡಾಕ್ಟರ ಪಾತ್ರ ಕೈಗೆ ಬಂದಾಗ ಅವರಿಗೆ ವಯಸ್ಸು ಐವತ್ತು ದಾಟಿತ್ತು.

ಇದಕ್ಕೂ ಮೊದಲು ‘ಗನ್‌ಸ್ಮೋಕ್’ ರೇಡಿಯೊದಲ್ಲಿ ಬರುತ್ತಿತ್ತು. ಅಲ್ಲಿ ಹೋವರ್ಡ್ ಮೆಕ್‌ನಿಯರ್ ಅವರ ಡಾಕ್ಟರು ಆರಂಭದ ಕಂತುಗಳಲ್ಲಿ ಹೆಣ ಬಿದ್ದರೆ ತನಗೊಂದಿಷ್ಟು ಕಾಸು ಎಂದು ಲೆಕ್ಕ ಹಾಕುವ ಆಸಾಮಿ. ಸ್ಟೋನ್ ಅವರ ಡಾಕ್ಟರು ಬೇರೆಯೇ ಮನುಷ್ಯ: ಸಿಡುಕ, ಆದರೆ ನಡುರಾತ್ರಿ ಕರೆದರೂ ಗಾಡಿ ಕಟ್ಟಿಕೊಂಡು ಹೊರಡುವವ. ಕೈಯಿಂದ ಮೀಸೆ ಸವರಿಕೊಳ್ಳುವುದು, ಕಿವಿ ಎಳೆದುಕೊಳ್ಳುವುದು, ಮೊದಲು ಊರಿನ ಮಾರ್ಷಲ್‌ನ ಸಹಾಯಕ ಚೆಸ್ಟರ್ ಜೊತೆಗೆ, ಆಮೇಲೆ ಅದೇ ಜಾಗಕ್ಕೆ ಬಂದ ಫೆಸ್ಟಸ್ ಜೊತೆಗೆ ಮುಗಿಯದ ಜಗಳ. ಫೆಸ್ಟಸ್‌ನನ್ನು ಬಾಯಿತುಂಬ ಬೈಯುವ ದನಿಯಲ್ಲೇ ಪ್ರೀತಿ ಕೇಳಿಸುವ ಹಾಗೆ ಮಾತಾಡುವುದು ಸುಲಭದ ಕೆಲಸವಲ್ಲ. ಅದನ್ನು ಅವರು ವರ್ಷಗಟ್ಟಲೆ ಮಾಡಿದರು.

ನನ್ನ ಮುಖ್ಯ ಮಾತು ಇಷ್ಟು. ಕೌಬಾಯ್ ಕತೆಗಳಲ್ಲಿ ಗುಂಡು ಹಾರುತ್ತದೆ, ಮನುಷ್ಯ ಬೀಳುತ್ತಾನೆ, ಕತೆ ಮುಂದಕ್ಕೆ ಓಡುತ್ತದೆ. ಬಿದ್ದವನಿಗೆ ಏನಾಯಿತು ಎಂದು ಕೇಳುವವರಿಲ್ಲ. ‘ಗನ್‌ಸ್ಮೋಕ್’ನಲ್ಲಿ ಆ ಪ್ರಶ್ನೆ ಕೇಳುವುದಕ್ಕೆಂದೇ ಒಬ್ಬ ಮನುಷ್ಯ ಇದ್ದ. 1955ರ ಸೆಪ್ಟೆಂಬರ್ 10ರಂದು ಪ್ರಸಾರವಾದ ಮೊದಲ ಕಂತನ್ನೇ ನೋಡಿ. ಆರಡಿ ಏಳಂಗುಲದ ಜೇಮ್ಸ್ ಆರ್ನೆಸ್ ಅವರ ಮಾರ್ಷಲ್ ಡಿಲನ್, ಡ್ಯಾನ್ ಗ್ರಾಟ್ ಎಂಬ ಬಂದೂಕುಗಾರನ ಗುಂಡಿಗೆ ನೆಲಕ್ಕುರುಳುತ್ತಾನೆ. ನಾಯಕನ ಪರಿಚಯವೇ ಸೋಲಿನಿಂದ! ಅವನನ್ನು ಉಳಿಸಿಕೊಳ್ಳುವ ಹೊಣೆ ಡಾಕ್ಟರ ಮೇಲೆ ಬೀಳುತ್ತದೆ. ಕೈಯ ವೇಗದಲ್ಲಿ ಗ್ರಾಟ್‌ನನ್ನು ಮೀರಿಸಲಾಗದು, ಆದರೆ ಅವನಿಗೆ ಹತ್ತಿರದಿಂದ ಮಾತ್ರ ಗುರಿ ಸಿಗುತ್ತದೆ ಎಂಬುದನ್ನು ಡಿಲನ್ ಕಂಡುಕೊಳ್ಳುವುದು ಆಮೇಲೆ. ಗಾಯ, ಹಾಸಿಗೆ, ಚೇತರಿಕೆ ಇವೆಲ್ಲ ಸಾಹಸದಷ್ಟೇ ಮುಖ್ಯ ಎಂದು ಧಾರಾವಾಹಿ ಮೊದಲ ದಿನವೇ ಸಾರಿತು.

ಕತೆಯ ಕಾಲ 1870ರ ದಶಕದ ಆಚೀಚೆ. ಪ್ರತಿಜೀವಕ ಔಷಧಿಗಳಿಲ್ಲ, ಎಕ್ಸ್-ರೇ ಇಲ್ಲ. ಗುಂಡು ಎಲ್ಲಿ ಹೊಕ್ಕಿದೆ ಎಂದು ಕೈಯಿಂದಲೇ ಹುಡುಕಬೇಕು. ತೆಗೆದ ಮೇಲೂ ನಂಜೇರಿ ಸಾಯಬಹುದು. ಆ ಕಾಲದ ವೈದ್ಯನ ಈ ಅಸಹಾಯಕತೆಯನ್ನು ಸ್ಟೋನ್ ಮಾತಿಲ್ಲದೆ ತೋರಿಸುತ್ತಿದ್ದರು. ರೋಗಿ ಕಣ್ಮುಚ್ಚಿದಾಗ ಅವರ ಹೆಗಲು ಒಂದಿಷ್ಟು ಕುಸಿಯುತ್ತಿತ್ತು. ನಾಯಕನಿಗೆ ಅಂಥ ಅವಕಾಶವಿಲ್ಲ. ಅವನು ನೆಟ್ಟಗೆ ನಿಂತಿರಲೇಬೇಕು.

1968ರಲ್ಲಿ ಅವರಿಗೆ ಪೋಷಕ ನಟನೆಗಾಗಿ ಎಮ್ಮಿ ಪ್ರಶಸ್ತಿ ಬಂತು. 1971ರಲ್ಲಿ ಹೃದಯಾಘಾತವಾಗಿ ಕೆಲವು ಕಂತುಗಳಿಂದ ದೂರ ಉಳಿದಾಗ, ಪ್ಯಾಟ್ ಹಿಂಗಲ್ ಇನ್ನೊಬ್ಬ ಡಾಕ್ಟರಾಗಿ ಬಂದರು. ಹಿಂಗಲ್ ಒಳ್ಳೆಯ ನಟರೇ. ಆದರೂ ಸ್ಟೋನ್ ಗುಣಮುಖರಾಗಿ ಮರಳಿದ ಮೇಲೆ ಡಾಜ್ ಸಿಟಿಗೆ ಅದರ ಡಾಕ್ಟರು ಸಿಕ್ಕರು. ಇಪ್ಪತ್ತು ಸೀಸನ್‌ಗಳಲ್ಲಿ 635 ಕಂತುಗಳು ಬಂದವು. ಮೊದಲಿನಿಂದ ಕೊನೆಯವರೆಗೆ ಎಲ್ಲ ಸೀಸನ್‌ಗಳಲ್ಲೂ ಇದ್ದವರು ಆರ್ನೆಸ್ ಮತ್ತು ಸ್ಟೋನ್ ಇಬ್ಬರೇ. 1980ರಲ್ಲಿ ಸ್ಟೋನ್ ತೀರಿಕೊಂಡರು.

ಇಲ್ಲಿ ನಟನೆ ಕಲಿಯುತ್ತಿರುವ ಯುವಕರು ಕುಳಿತಿದ್ದೀರಿ. ನಿಮ್ಮಲ್ಲೊಂದು ಕೋರಿಕೆ. ‘ಗನ್‌ಸ್ಮೋಕ್’ನ ಯಾವುದಾದರೂ ಒಂದು ಕಂತನ್ನು ಎರಡು ಸಲ ನೋಡಿ. ಎರಡನೆಯ ಸಲ ಬಂದೂಕು ಹಿಡಿದವನನ್ನು ಬಿಟ್ಟು ಡಾಕ್ಟರನ್ನೇ ನೋಡಿ. ಬೇರೆಯವರು ಮಾತಾಡುವಾಗ ಅವರು ಹೇಗೆ ಕೇಳಿಸಿಕೊಳ್ಳುತ್ತಾರೆ ಎಂಬುದನ್ನು ಗಮನಿಸಿ.