ಬಣ್ಣದ ಮೀನು
(ಅಸಿಸಿಯ ಸಂತ ಫ್ರಾನ್ಸಿಸರ ಹಬ್ಬದ ಪ್ರಬೋಧನೆ, ಅಕ್ಟೋಬರ್ 4)



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ನಾವು ಕೆರೆ ತುಂಬಿದರೆ ಹಿಗ್ಗುವ ಜನ. ಮಕ್ಕಳ ಹಟಕ್ಕೆ ಗಾಜಿನ ತೊಟ್ಟಿಗೂ ಮೀನು ತರುತ್ತೇವೆ. ನಮ್ಮ ದೇಶದ ನೀರಿನದೇ ಆದ ಗ್ಲಾಸ್‌ಫಿಶ್ ಎಂಬ ಪುಟ್ಟ ಮೀನಿನ ಮೈ ಪಾರದರ್ಶಕ. ಒಳಗಿನ ಮುಳ್ಳೂ ಕಾಣುತ್ತದೆ. ಅದರ ಮೈಗೆ ಹಲವು ಸಲ ಸೂಜಿ ಚುಚ್ಚಿ ಗುಲಾಬಿ, ಹಸಿರು ಬಣ್ಣ ತುಂಬಿ ಮಾರುವುದುಂಟು. ಎಷ್ಟೋ ಸಾಯುತ್ತವೆ, ಬದುಕಿದವುಗಳ ಬಣ್ಣವೂ ಕೆಲವು ತಿಂಗಳಲ್ಲಿ ಮಾಸುತ್ತದೆ. (ಗೋಲ್ಡ್‌ಫಿಶ್‌ನ ಬಣ್ಣ ಅದರ ಸ್ವಂತದ್ದು, ಹೆದರಬೇಡಿ.)

ಮೀನು ತಿನ್ನುವ ನಮಗೆ ಈ ಮಾತೇಕೆ? ಪುನರುತ್ಥಾನರಾದ ಯೇಸುವೂ ಸುಟ್ಟ ಮೀನು ತಿಂದರು. ಆದರೆ ಹಸಿವು ಬೇರೆ, ಷೋಕಿ ಬೇರೆ. ಪ್ರಾಣಿಗಳನ್ನು ವೃಥಾ ನೋಯಿಸುವುದು ಮಾನವ ಘನತೆಗೆ ವಿರುದ್ಧವೆಂದು ಕಥೋಲಿಕ ಧರ್ಮೋಪದೇಶದ 2418ನೇ ಕಂಡಿಕೆ ತಿಳಿಸುತ್ತದೆ. ಚುಚ್ಚಿದವರು ಯಾರೋ, ಹಣ ಕೊಟ್ಟವರು ನಾವೇ.

ತಂದದ್ದನ್ನು ಕೆರೆಗೆ ಬಿಡದೆ, ಬಣ್ಣ ಹೋದರೂ ಸಾಕೋಣ. ಮುಂದಿನ ಸಲ ಅಂಗಡಿಯವರನ್ನು ಮಕ್ಕಳ ಎದುರಿಗೇ ಕೇಳೋಣ: ಈ ಬಣ್ಣ ಹೇಗೆ ಬಂತು?