ಅಲುಗಾಡುವ ಕನ್ನಡಿ

1984ರಲ್ಲಿ ಬಂದ ಮಾರುತಿ ವ್ಯಾನು ಮುಂದೆ ಓಮ್ನಿ ಎಂದೇ ಹೆಸರಾಯಿತು. 2019ರಲ್ಲಿ ತಯಾರಿಕೆ ನಿಂತರೂ ನಮ್ಮ ಊರುಗಳಲ್ಲಿ ಅದು ಇನ್ನೂ ದುಡಿಯುತ್ತಿದೆ. ಒಂದು ಹೊತ್ತು ಶಾಲೆಯ ಮಕ್ಕಳು, ಇನ್ನೊಂದು ಹೊತ್ತು ತರಕಾರಿ ಮೂಟೆ. ಹಿಂದೆ ಸಾಮಾನು ತುಂಬಿತೆಂದರೆ ಒಳಗಿನ ಕನ್ನಡಿಯಲ್ಲಿ ರಸ್ತೆ ಕಾಣದು. ಪಕ್ಕದ ಕನ್ನಡಿಗಳೇ ಗತಿ. ಅವೇ ಗಡಗಡ ಅದುರುತ್ತಿದ್ದರೆ ಹಿಂದೆ ಬರುವ ಸ್ಕೂಟರು ಬರೀ ಮಸುಕು.

ಸಡಿಲ ಎಲ್ಲಿದೆ ಎಂದು ಮೊದಲು ಕೈಯಲ್ಲಿ ಹಿಡಿದು ನೋಡಬೇಕು. ಬುಡವೇ ಅಲುಗಿದರೆ ಬಾಗಿಲಿನ ಸ್ಕ್ರೂ ಬಿಗಿ ಮಾಡಿ. ಸ್ಪ್ರಿಂಗ್ ವಾಷರ್ ಹಾಕಿದರೆ ಬೇಗ ಕಳಚುವುದಿಲ್ಲ. ತುಕ್ಕಿನಿಂದ ತೂತು ದೊಡ್ಡದಾಗಿದ್ದರೆ ಸ್ಕ್ರೂ ಸುಮ್ಮನೆ ಸುತ್ತುತ್ತದೆ, ಆಗ ತಗಡಿನ ಕೆಲಸವೇ ಆಗಬೇಕು. ಬುಡ ಗಟ್ಟಿಯಿದ್ದು ತಲೆ ಮಾತ್ರ ಬಾಗಿದರೆ ಒಳಗಿನ ಕೀಲು ಸವೆದಿದೆ ಎಂದರ್ಥ. ಹಳೆಯ ಸೈಕಲ್ ಟ್ಯೂಬಿನ ಚೂರು ಸಿಕ್ಕಿಸಿದರೆ ಕೆಲವು ದಿನ ನಿಂತೀತು, ಆದರೆ ಹೊಸ ಕನ್ನಡಿಯೇ ಲೇಸು. ಅತಿಯಾಗಿ ಬಿಗಿದರೆ ಪ್ಲಾಸ್ಟಿಕ್ ಸೀಳುತ್ತದೆ, ಜೋಕೆ.

ಕನ್ನಡಿ ಸರಿ ಮಾಡಲು ಎಫ್‌ಸಿ (ವಾಹನದ ಅರ್ಹತಾ ಪತ್ರ) ಮಾಡಿಸುವ ದಿನ ಬರಲಿ ಎಂದು ಕಾಯುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅಲ್ಲಿಯವರೆಗೂ ಆ ಗಾಡಿಯಲ್ಲಿ ಮಕ್ಕಳು ಕೂರುತ್ತಾರಲ್ಲ!

ಬಿಗಿ ಮಾಡಿದ ಮೇಲೆ ಚಾಲಕನ ಸೀಟಿನಲ್ಲೇ ಕುಳಿತು ಕನ್ನಡಿ ಹೊಂದಿಸಬೇಕು. ನಮ್ಮ ಗಾಡಿಯ ಅಂಚು ಒಂದಿಷ್ಟೇ ಕಾಣಲಿ, ಉಳಿದದ್ದೆಲ್ಲ ರಸ್ತೆ. ಉಬ್ಬುಗನ್ನಡಿಯಾದರೆ ಹಿಂದಿನ ವಾಹನ ಚಿಕ್ಕದಾಗಿ, ದೂರದಲ್ಲಿದ್ದಂತೆ ತೋರುತ್ತದೆ. ಅದು ನಿಜಕ್ಕೂ ಇನ್ನಷ್ಟು ಹತ್ತಿರವಿರುತ್ತದೆ.